ಟಿವಿಯಲ್ಲಿ ಸ್ವಚ್ಛ, ಕಂಪ್ಯೂಟರಿನಲ್ಲಿ ಕಲಸುಮೇಲೋಗರ

ಪ್ರಶ್ನೆ: ನಮ್ಮ ಮನೆಯಲ್ಲಿ ಡಿಡಿ ಫ್ರೀ ಡಿಶ್ ಇದೆ. ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ಯನ್ನೂ ಸಂಗೀತ ಕಾರ್ಯಕ್ರಮಗಳನ್ನೂ ಶಾಲೆಯ ಮಕ್ಕಳಿಗೆ ತೋರಿಸಲೆಂದು ಕಂಪ್ಯೂಟರಿಗೆ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಸೆಟ್‌ಟಾಪ್ ಬಾಕ್ಸಿನ ಹಳದಿ, ಕೆಂಪು, ಬಿಳಿ ವೈರುಗಳನ್ನು ಯುಎಸ್‌ಬಿ ಕ್ಯಾಪ್ಚರ್ ಡಬ್ಬಿಗೆ ಸಿಕ್ಕಿಸಿದ್ದೇನೆ. ಟಿವಿಯಲ್ಲಿ ಚಿತ್ರ ಚೆನ್ನಾಗಿಯೇ ಇರುತ್ತದೆ. ರೆಕಾರ್ಡ್ ಆದದ್ದರಲ್ಲಿ ಮಾತ್ರ ಕೈ ಆಡಿಸಿದರೆ ಅಂಚು ಗೆರೆಗೆರೆ, ಮುಖ ಉದ್ದುದ್ದ, ಒಮ್ಮೊಮ್ಮೆ ಚಿತ್ರವೆಲ್ಲ ಚೌಕಚೌಕ. ಹೊಸ ಕಂಪ್ಯೂಟರ್ ಕೊಳ್ಳಬೇಕೆ?
– ಓದುಗರೊಬ್ಬರು, ಲಕ್ಷ್ಮೇಶ್ವರ

ಉತ್ತರ: ಬೇಡ. ನೀವು ಬರೆದ ಮೂರು ದೋಷಗಳಿಗೆ ಮೂರು ಬೇರೆ ಬೇರೆ ಕಾರಣಗಳಿವೆ. ಯಾವುದಕ್ಕೂ ಹೊಸ ಕಂಪ್ಯೂಟರ್ ಮದ್ದಲ್ಲ, ಮೊದಲೆರಡಕ್ಕಂತೂ ಪೈಸೆ ಖರ್ಚಿಲ್ಲ.

ಗೆರೆಗಳಿಂದ ಶುರು ಮಾಡೋಣ. ನಮ್ಮ ದೇಶದ ಹಳೆಯ ಪಾಲ್ ಪದ್ಧತಿಯಲ್ಲಿ ಚಿತ್ರಕ್ಕೆ 625 ಗೆರೆ, ಅದರಲ್ಲಿ ಕಣ್ಣಿಗೆ ಕಾಣುವುದು 576. ಸೆಕೆಂಡಿಗೆ 25 ಚಿತ್ರ. ಆದರೆ ಒಂದು ಚಿತ್ರ ಇಡಿಯಾಗಿ ಬರುವುದಿಲ್ಲ. ಮೊದಲು ಒಂದು ಬಿಟ್ಟು ಒಂದರಂತೆ ಅರ್ಧ ಗೆರೆಗಳು, ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದ ಮೇಲೆ ಉಳಿದರ್ಧ. ಅಷ್ಟರಲ್ಲಿ ತಬಲಾ ಬಾರಿಸುವವರ ಬೆರಳು ಮುಂದೆ ಸರಿದಿರುತ್ತದೆ. ಟಿವಿಗೆ ಈ ಎರಡು ಅರ್ಧಗಳನ್ನು ಹೊಂದಿಸುವುದು ಗೊತ್ತು. ಕಂಪ್ಯೂಟರ್ ಪರದೆ ಎರಡನ್ನೂ ಒಟ್ಟಿಗೇ ತೋರಿಸುತ್ತದೆ, ಬೆರಳಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲು ಮೂಡುತ್ತದೆ. ಸುಮ್ಮನೆ ಕುಳಿತ ಗಾಯಕರ ಮುಖದಲ್ಲಿ ಇದು ಕಾಣದಿರುವುದೂ ಇದೇ ಕಾರಣಕ್ಕೆ. ವಿಎಲ್‌ಸಿ ಪ್ಲೇಯರಿನ ವಿಡಿಯೊ ಮೆನುವಿನಲ್ಲಿ ‘ಡಿಇಂಟರ್‌ಲೇಸ್’ ಆನ್ ಮಾಡಿ ನೋಡಿ, ಹಲ್ಲು ಮಾಯವಾಗುತ್ತದೆ.

ಒಂದು ಎಚ್ಚರಿಕೆ ಮಾತ್ರ ತಪ್ಪದೆ ಪಾಲಿಸಿ. ಫೈಲು ಚಿಕ್ಕದಾಗಲಿ ಎಂದು ರೆಕಾರ್ಡ್ ಮಾಡುವಾಗಲೇ 576 ಗೆರೆಯನ್ನು 480ಕ್ಕೋ 360ಕ್ಕೋ ಇಳಿಸಬೇಡಿ. ಹಾಗೆ ಮಾಡಿದರೆ ಎರಡು ಅರ್ಧಗಳ ಗೆರೆಗಳು ಒಂದರೊಳಗೊಂದು ಕಲಸಿಹೋಗುತ್ತವೆ, ಆಮೇಲೆ ಯಾವ ಸಾಫ್ಟ್‌ವೇರೂ ಅವನ್ನು ಬಿಡಿಸಲಾರದು. 720×576 ಬಂದರೆ ಹಾಗೆಯೇ ಇಟ್ಟುಕೊಳ್ಳಿ.

ಮುಖ ಉದ್ದವಾಗುವುದೂ ಈ ಸಂಖ್ಯೆಯಿಂದಲೇ. 720×576ರ ಚುಕ್ಕಿಗಳು ಸರಿಚೌಕವಲ್ಲ. ಕಾರ್ಯಕ್ರಮ ಅಗಲ ಪರದೆಯದ್ದಾಗಿದ್ದರೆ ತೋರಿಸುವಾಗ ಅದನ್ನು 16:9ಕ್ಕೆ ಹಿಗ್ಗಿಸಬೇಕು, ಹಳೆಯ ಕಾರ್ಯಕ್ರಮವಾದರೆ 4:3ಕ್ಕೆ. ಪ್ಲೇಯರಿನ ‘ಆಸ್ಪೆಕ್ಟ್ ರೇಶಿಯೊ’ ಬದಲಿಸಿದರೆ ಸಾಕು. ಚಿತ್ರ ಕಪ್ಪುಬಿಳುಪಾಗಿ ಬಂದರೆ ಅಥವಾ ಮೇಲೆ ಕೆಳಗೆ ಉರುಳಿದರೆ ಕ್ಯಾಪ್ಚರ್ ಸಾಫ್ಟ್‌ವೇರಿನಲ್ಲಿ ಎನ್‌ಟಿಎಸ್‌ಸಿ ಇದೆಯೇ ನೋಡಿ, ಪಾಲ್ ಮಾಡಿ.

ಚೌಕಗಳ ವಿಷಯ ಅಷ್ಟು ಸುಲಭವಲ್ಲ. ಎಲ್ಲಿ ಕೆಟ್ಟಿತು ಎಂದು ಹಿಡಿಯಬೇಕು, ಅದಕ್ಕೊಂದು ಪರೀಕ್ಷೆ ಇದೆ. ರೆಕಾರ್ಡ್ ಆದ ಫೈಲನ್ನು ಎರಡು ಸಲ ಓಡಿಸಿ. ಚೌಕಗಳು ಎರಡನೇ ಸಲ ಬೇರೆ ಕಡೆ ಬಂದರೆ ಫೈಲು ಸರಿಯಿದೆ, ಓಡಿಸುವ ಕಂಪ್ಯೂಟರ್ ತಿಣುಕುತ್ತಿದೆ. ಉಳಿದ ಕೆಲಸಗಳನ್ನು ಮುಚ್ಚಿ. ಅದೇ ಕ್ಷಣದಲ್ಲಿ, ಅದೇ ಜಾಗದಲ್ಲಿ ಬಂದರೆ ದೋಷ ಫೈಲಿನಲ್ಲೇ ಇದೆ. ಆಗ ರೆಕಾರ್ಡ್ ಮಾಡುವಾಗ ಟಿವಿಯನ್ನೂ ನೋಡಿ. ಅಲ್ಲೂ ಚೌಕ ಕಂಡರೆ ಮಾಳಿಗೆ ಹತ್ತಲೇಬೇಕು.

ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ. ನಮ್ಮ ಗದಗ ಜಿಲ್ಲೆಯಿಂದ ಅದು ಆಗ್ನೇಯಕ್ಕೆ, ಆಕಾಶದಲ್ಲಿ ಸುಮಾರು 62 ಡಿಗ್ರಿ ಎತ್ತರದಲ್ಲಿದೆ. ಕಪ್ಪತಗುಡ್ಡದ ಸುತ್ತ, ಅಂದರೆ ಶಿರಹಟ್ಟಿ, ಮುಂಡರಗಿ, ಗದಗ ಸೀಮೆಯಲ್ಲಿ ಆಷಾಢದ ಗಾಳಿ ಎಂಥದ್ದೆಂದು ಅಲ್ಲಿ ನಿಂತಿರುವ ಗಾಳಿಯಂತ್ರಗಳೇ ಹೇಳುತ್ತವೆ. ಬೋಲ್ಟು ಸಡಿಲಾಗಿ ಡಿಶ್ ಒಂದೆರಡು ಡಿಗ್ರಿ ಸರಿದರೂ ಸಿಗ್ನಲ್ ಅಂಚಿಗೆ ಬಂದು ನಿಲ್ಲುತ್ತದೆ. ಬಾಕ್ಸಿನ ಮೆನುವಿನಲ್ಲಿ ಸಿಗ್ನಲ್ ಕ್ವಾಲಿಟಿ ನೋಡುತ್ತಾ ಬೋಲ್ಟು ಬಿಗಿಮಾಡಿಸಿ. ಕೇಬಲ್ಲಿನ ತುದಿಯ ಪಿನ್ನಿಗೆ ಹಸಿರು ಕಿಲುಬು ಹಿಡಿದಿದ್ದರೆ ಕತ್ತರಿಸಿ ಹೊಸದು ಹಾಕಿಸಿ. ಜೋರು ಮಳೆಯಲ್ಲಿ ಬರುವ ಚೌಕಕ್ಕೆ ಮಳೆ ನಿಲ್ಲುವುದೇ ಪರಿಹಾರ.

ಟಿವಿ ಸ್ವಚ್ಛವಾಗಿದ್ದು ಫೈಲು ಮಾತ್ರ ಕೆಟ್ಟಿದ್ದರೆ ಬಿಟ್‌ರೇಟ್ ಕಡಿಮೆಯಾಗಿರುತ್ತದೆ. ಎಂಪೆಗ್-2ರಲ್ಲಿ 2 ಮೆಗಾಬಿಟ್ ಇಟ್ಟರೆ ಕ್ಯಾಮೆರಾ ತಿರುಗಿದ ಕೂಡಲೇ ಚಿತ್ರ ಒಡೆಯುತ್ತದೆ. 6 ಮೆಗಾಬಿಟ್ ಇಡಿ, ಗಂಟೆಗೆ 2.7 ಜಿಬಿ ಬೇಕಾದೀತು. ಚಿತ್ರ ಒಡೆಯದೆ ಜಿಗಿಜಿಗಿದು ಓಡಿದರೆ ಅದು ಫ್ರೇಮ್ ಬಿಟ್ಟುಹೋಗಿರುವ ಲಕ್ಷಣ. ಡಬ್ಬಿಯನ್ನು ಯುಎಸ್‌ಬಿ ಹಬ್‌ಗೆ ಸಿಕ್ಕಿಸದೆ ನೇರ ಕಂಪ್ಯೂಟರಿಗೇ ಸಿಕ್ಕಿಸಿ.

ನೀವು ಕೇಳದ ಒಂದು ದೋಷವನ್ನೂ ಹೇಳುತ್ತೇನೆ, ಬೆಟಗೇರಿಯಂಥ ಮಗ್ಗದ ಓಣಿಗಳ ಓದುಗರಿಗೆ ಬೇಕಾದೀತು. ಚಿತ್ರದ ಮೇಲೆ ಅಡ್ಡಪಟ್ಟಿ ನಿಧಾನ ಏರುತ್ತಿದ್ದರೆ ಅಥವಾ ಪವರ್‌ಲೂಮ್ ಮೋಟಾರು ಶುರುವಾದಾಗ ಕಲೆಕಲೆ ಕಂಡರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿ. ಪಟ್ಟಿ ಹೋದರೆ ದೋಷ ಕರೆಂಟಿನ ಲೈನಿನದು. ಬಾಕ್ಸು, ಟಿವಿ, ಕಂಪ್ಯೂಟರ್ ಮೂರನ್ನೂ ಅರ್ಥಿಂಗ್ ಇರುವ ಒಂದೇ ಬೋರ್ಡಿಗೆ ಹಾಕಿ. ಅರ್ಥಿಂಗ್ ಪಿನ್ನನ್ನು ಕಿತ್ತು ಪಟ್ಟಿ ಹೋಗಲಾಡಿಸುವವರಿದ್ದಾರೆ. ಜೀವಕ್ಕೆ ಅಪಾಯ, ಖಂಡಿತ ಮಾಡಬೇಡಿ.

ಇಷ್ಟೆಲ್ಲ ಮಾಡಿದರೂ ಹಳದಿ ವೈರಿನ ಮಿತಿ ಉಳಿಯುತ್ತದೆ. ಉಪಗ್ರಹದಿಂದ ಚಿತ್ರ ಡಿಜಿಟಲ್ ಆಗಿಯೇ ಬಂದಿರುತ್ತದೆ. ಬಾಕ್ಸು ಅದನ್ನು ಅನಲಾಗ್ ಮಾಡಿ, ಬಣ್ಣವನ್ನೂ ಬೆಳಕನ್ನೂ ಒಂದೇ ತಂತಿಯಲ್ಲಿ ತುರುಕುತ್ತದೆ. ನಿಮ್ಮ ಡಬ್ಬಿ ಅದನ್ನು ಬಿಡಿಸಿ ಮತ್ತೆ ಡಿಜಿಟಲ್ ಮಾಡಿ ಮತ್ತೆ ಕುಗ್ಗಿಸುತ್ತದೆ. ಈ ಸುತ್ತು ಬೇಕೇ ಇಲ್ಲ. ಪೆನ್‌ಡ್ರೈವಿಗೆ ರೆಕಾರ್ಡ್ ಮಾಡುವ ಫ್ರೀ ಡಿಶ್ ಬಾಕ್ಸುಗಳು ಅಂಗಡಿಯಲ್ಲಿ ಸಿಗುತ್ತವೆ. ನಿಮ್ಮ ಬಾಕ್ಸಿನಲ್ಲೇ ಯುಎಸ್‌ಬಿ ಕಿಂಡಿಯೂ ರೆಕಾರ್ಡ್ ಬಟನ್ನೂ ಇವೆಯೇ ಮೊದಲು ನೋಡಿ. ಚಂದನಕ್ಕೆ ಬೀಗವಿಲ್ಲ. ಬಂದ ಡಿಜಿಟಲ್ ಚಿತ್ರವೇ ಪೆನ್‌ಡ್ರೈವಿಗೆ ಇಳಿಯುತ್ತದೆ, ಟಿವಿಯಲ್ಲಿ ಕಂಡದ್ದೇ ಮಕ್ಕಳಿಗೂ ಕಾಣುತ್ತದೆ. ಪೆನ್‌ಡ್ರೈವ್ ಫ್ಯಾಟ್-32 ಆಗಿದ್ದರೆ ಒಂದು ಫೈಲು 4 ಜಿಬಿ ದಾಟಲಾರದು, ದೊಡ್ಡ ಕಛೇರಿ ತುಂಡಾಗಬಹುದು. ದುಡ್ಡು ಕಟ್ಟುವ ಡಿಟಿಎಚ್ ಬಾಕ್ಸುಗಳ ಮಾತು ಬೇರೆ: ಅವುಗಳ ರೆಕಾರ್ಡಿಂಗ್ ಸಾಮಾನ್ಯವಾಗಿ ಅದೇ ಬಾಕ್ಸಿನಲ್ಲಿ ಮಾತ್ರ ಓಡುತ್ತದೆ, ಎಚ್‌ಡಿಎಂಐನಿಂದ ಹಿಡಿಯಹೋದರೆ ಕಪ್ಪು ಪರದೆ ಬರುತ್ತದೆ. ಅದು ದೋಷವಲ್ಲ, ವಾಹಿನಿಯವರು ಹಾಕಿದ ಬೀಗ.

ಕ್ಯಾಪ್ಚರ್ ಡಬ್ಬಿಯನ್ನು ಎಸೆಯಬೇಡಿ. ಊರಿನಲ್ಲಿ ಯಾರ ಮನೆಯಲ್ಲಾದರೂ ಮದುವೆಯದೋ ನಾಟಕದ್ದೋ ಹಳೆಯ ವಿಸಿಆರ್ ಕ್ಯಾಸೆಟ್ ಉಳಿದಿದ್ದರೆ ಅದಕ್ಕೆ ಈ ಹಳದಿ ವೈರೇ ದಾರಿ. ಪಾಲ್, 720×576, 6 ಮೆಗಾಬಿಟ್ ಇಟ್ಟು ಮೊದಲು ಐದು ನಿಮಿಷ ರೆಕಾರ್ಡ್ ಮಾಡಿ ನೋಡಿ. ಸರಿಯಿದ್ದರೆ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಪೂರ್ತಿ ಇಳಿಸಿಕೊಳ್ಳಿ.