ಮೃದು ಚರ್ಮದ ಉಡುಪು ಮತ್ತು ನಮಾಝಿನ ಶುದ್ಧಿ



ಕೆದಂಬಾಡಿಯಂಥ ನಮ್ಮ ಹಳ್ಳಿಗಳ ಮನೆಗಳಲ್ಲೂ ಇಂದು ಚರ್ಮದ ಪರ್ಸ್, ಬೆಲ್ಟ್, ಬೈಕ್ ಓಡಿಸುವವರ ಕೈಗವಸು, ಗಲ್ಫಿನಿಂದ ತಂದ ಜಾಕೆಟ್ ಇರುತ್ತವೆ. ಇವುಗಳನ್ನು ಧರಿಸಿಯೋ ಜೇಬಿನಲ್ಲಿಟ್ಟುಕೊಂಡೋ ನಮಾಝಿಗೆ ನಿಲ್ಲುತ್ತೇವೆ. ನಮಾಝ್ ಸಿಂಧುವಾಗಬೇಕಾದರೆ ದೇಹ, ಬಟ್ಟೆ, ಸ್ಥಳ ಮಾತ್ರವಲ್ಲ, ನಮ್ಮ ಬಳಿಯಿರುವ ವಸ್ತುವೂ ನಜಸ್‌ನಿಂದ ಮುಕ್ತವಾಗಿರಬೇಕು. ಹಾಗಾದರೆ ಈ ಚರ್ಮದ ವಿಧಿಯೇನು?

ಜಾನುವಾರುಗಳ ಚರ್ಮ ಅಲ್ಲಾಹನ ಅನುಗ್ರಹವೆಂದು ಸೂರಃ ಅನ್ನಹ್ಲ್‌ನ 80ನೇ ಸೂಕ್ತ ನೆನಪಿಸುತ್ತದೆ. ಕೈಗವಸು, ಜಾಕೆಟ್‌ಗಳ ನುಣುಪಾದ ಚರ್ಮವನ್ನು ವ್ಯಾಪಾರಿಗಳು 'ನಪ್ಪಾ' ಎನ್ನುತ್ತಾರೆ. ಅದು ಹೆಚ್ಚಾಗಿ ಕುರಿ, ಆಡುಗಳದ್ದು. ತಮಿಳುನಾಡಿನ ಆಂಬೂರು, ವಾಣಿಯಂಬಾಡಿ, ರಾಣಿಪೇಟೆ ಚರ್ಮೋದ್ಯಮಕ್ಕೆ ಹೆಸರಾದ ಊರುಗಳು. ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆಯುತ್ತಾರೆ. ಬಳಿಕ ಕ್ರೋಮ್ ಲವಣದಿಂದಲೋ ಮರದ ತೊಗಟೆಯ ಒಗರಿನಿಂದಲೋ ಹದಮಾಡಿ, ಎಣ್ಣೆಯುಣಿಸಿ ಮೆದುಗೊಳಿಸುತ್ತಾರೆ.

ಆ ಕುರಿಯನ್ನು ಇಸ್ಲಾಮೀ ವಿಧಿಯಂತೆ ಝಬಹ್ ಮಾಡಿದ್ದರೆ ಪ್ರಶ್ನೆಯೇ ಇಲ್ಲ. ಹಾಗೆ ಮಾಡದೆ ಸತ್ತಿದ್ದರೆ? ಮೈಮೂನಾ(ರ)ರ ಸೇವಕಿಗೆ ದಾನವಾಗಿ ಸಿಕ್ಕಿದ್ದ ಆಡೊಂದು ಸತ್ತುಬಿದ್ದಿತ್ತು. ಅದರ ಚರ್ಮವನ್ನು ಹದಮಾಡಿ ಏಕೆ ಬಳಸಬಾರದೆಂದು ಪ್ರವಾದಿ(ಸ)ರು ಕೇಳಿದರು. ಅದು ಸತ್ತ ಪ್ರಾಣಿಯೆಂದಾಗ, ತಿನ್ನುವುದಷ್ಟೇ ನಿಷಿದ್ಧವೆಂದು ತಿಳಿಸಿದರು. ಬುಖಾರಿ, ಮುಸ್ಲಿಮ್‌ಗಳಲ್ಲಿ ಈ ಹದೀಸ್ ಇದೆ.

ಆದ್ದರಿಂದ ಶಾಫಿಈ ಮದ್‌ಹಬ್‌ನಂತೆ ಈ ವಿಷಯಗಳನ್ನು ನೆನಪಿಡಿ:

1. ಸತ್ತ ಪ್ರಾಣಿಯ ಚರ್ಮ ಹದಮಾಡಿದರೆ ಶುದ್ಧವಾಗುತ್ತದೆ. ಬರಿಯ ಉಪ್ಪು ಸವರಿ ಬಿಸಿಲಿಗೆ ಒಣಗಿಸಿದರೆ ಸಾಲದು.

2. ಹಂದಿ ಮತ್ತು ನಾಯಿಯ ಚರ್ಮ ಹದಮಾಡಿದರೂ ಶುದ್ಧವಾಗದು. ನಾಯಿಯ ವಿಷಯದಲ್ಲಿ ಹನಫೀ ವಿದ್ವಾಂಸರ ಅಭಿಪ್ರಾಯ ಬೇರೆ; ಹಂದಿಯ ವಿಷಯದಲ್ಲಿ ಅವರೂ ನಿಷೇಧಿಸುತ್ತಾರೆ. ಹಂದಿಯ ಚರ್ಮವನ್ನು ಕೈಗವಸಿಗೂ ಶೂಗಳ ಒಳಪದರಕ್ಕೂ ಬಳಸುವುದುಂಟು. ಅದರ ಮೇಲ್ಮೈಯಲ್ಲಿ ರೋಮರಂಧ್ರಗಳು ಮೂರು ಮೂರಾಗಿ ಗುಂಪಾಗಿರುತ್ತವೆ. ಕೊಳ್ಳುವಾಗ ಚೀಟಿ ಓದಿ, ಅಂಗಡಿಯವರನ್ನು ಕೇಳಿ.

3. ವುಝೂ ಮಾಡುವಾಗ ಕೈಗವಸು ಕಳಚಲೇಬೇಕು. ಒದ್ದೆ ಕೈಯಿಂದ ಸವರುವ ರಿಯಾಯಿತಿ ಕಾಲಿನ ಖುಫ್ಫಿಗೆ ಇದೆ, ಕೈಗವಸಿಗಿಲ್ಲ.

4. ಹಜ್ಜ್, ಉಮ್ರಾದ ಇಹ್ರಾಮಿನಲ್ಲಿ ಪುರುಷರಾಗಲಿ ಸ್ತ್ರೀಯರಾಗಲಿ ಕೈಗವಸು ಧರಿಸಬಾರದು.

ಇನ್ನೊಂದು ಮಾತು. ಯಾವ ಕುರುಹೂ ಇಲ್ಲದೆ 'ಇದು ಹಂದಿಯದಾಗಿದ್ದರೆ?' ಎಂದು ಪ್ರತಿ ಪರ್ಸನ್ನೂ ಶಂಕಿಸುತ್ತಾ, ಮಾಡಿದ ನಮಾಝನ್ನು ಮತ್ತೆ ಮತ್ತೆ ಮಾಡುವುದು ಭಕ್ತಿಯಲ್ಲ, ವಸ್‌ವಾಸ್. ಬರಿಯ ಸಂಶಯದಿಂದ ವಸ್ತು ನಜಸ್ ಆಗುವುದಿಲ್ಲ. ಆದರೆ ಹಂದಿಯದೆಂದು ತಿಳಿದ ಮೇಲೂ ಬೆಲೆಗೋ ಅಂದಕ್ಕೋ ಮರುಳಾಗಿ ಬಳಸುವುದು ಉಡಾಫೆ. ಇವೆರಡರ ನಡುವಿನ ಎಚ್ಚರವೇ ವಿಶ್ವಾಸಿಯ ದಾರಿ.

ಅಲ್ಲಾಹನು ನಮ್ಮ ಉಡುಪನ್ನೂ ಹೃದಯವನ್ನೂ ಶುದ್ಧಗೊಳಿಸಲಿ. ಆಮೀನ್.