ಸಿಗಾರಿಗೆ ವಯಸ್ಸಾದರೆ ರುಚಿ ಹೆಚ್ಚುವುದೆ?

ಹಳೆಯ ಅಕ್ಕಿಯ ಅನ್ನ ಉದುರುದುರಾಗಿ ಬರುವುದೆಂಬುದನ್ನು ನಮ್ಮ ಅಡಿಗೆಮನೆಗಳಲ್ಲಿ ಅರಿಯದವರಿಲ್ಲ. ವರ್ಷ ಕಳೆದ ಹುಣಿಸೆಹಣ್ಣನ್ನೂ ಉಪ್ಪಿನಕಾಯಿಯನ್ನೂ ಬಯಸುವವರು ಬಹುಮಂದಿ. ಕಾಲ ಕಳೆದಂತೆ ಕೆಲವು ಪದಾರ್ಥಗಳು ಪಕ್ವವಾಗುವುವು, ಹೆಚ್ಚಿನವು ಕೆಡುವುವು. ಸಿಗಾರು ಈ ಎರಡರಲ್ಲಿ ಯಾವ ವರ್ಗಕ್ಕೆ ಸೇರಿದ್ದು?

ಇದು ಸುಮ್ಮನೆ ಹುಟ್ಟಿದ ಪ್ರಶ್ನೆಯಲ್ಲ. ಬೆಲೆಬಾಳುವ ಕ್ಯೂಬಾ ಸಿಗಾರುಗಳನ್ನು ಕೊಂಡು, ಸೇದದೆ, ಮರದ ಪೆಟ್ಟಿಗೆಯೊಳಗೆ ಐದು ವರ್ಷ, ಹತ್ತು ವರ್ಷ ಕಾದಿಡುವವರು ಪಾಶ್ಚಾತ್ಯ ದೇಶಗಳಲ್ಲಿ ಅನೇಕರಿದ್ದಾರೆ. 1962ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರು ಕ್ಯೂಬಾದೊಡನೆ ವ್ಯಾಪಾರವನ್ನು ನಿಷೇಧಿಸಿದರು. ಅದಕ್ಕೆ ಮುಂಚೆ ತಯಾರಾದ ಸಿಗಾರುಗಳನ್ನು ಇಂದಿಗೂ ಹೆಚ್ಚಿನ ಬೆಲೆ ಕೊಟ್ಟು ಕೊಳ್ಳುವವರುಂಟು. ಮನೆಯ ಪೆಟ್ಟಿಗೆಯಲ್ಲಿ ಇಟ್ಟ ಮಾತ್ರಕ್ಕೆ ರುಚಿ ಹೆಚ್ಚುವುದೆಂಬ ಅವರ ನಂಬಿಕೆಗೆ ಆಧಾರವೇನು? ವಿದ್ಯಾರ್ಥಿಗಳಾದ ನೀವು ಸಿಗಾರು ಸೇದಬೇಕಾದುದೂ ಇಲ್ಲ, ಸೇದಕೂಡದು ಕೂಡ. ಆದರೆ ಆ ಪೆಟ್ಟಿಗೆಯೊಳಗೆ ನೀವು ತರಗತಿಯಲ್ಲಿ ಓದುವ ಭೌತಶಾಸ್ತ್ರ ಸಾಕಷ್ಟು ಅಡಗಿದೆ.

ಮೊದಲು ಸಿಗಾರಿನ ರಚನೆಯನ್ನು ನೋಡೋಣ. ಸಿಗರೇಟಿನಲ್ಲಿರುವಂತೆ ಇದರಲ್ಲಿ ಕಾಗದವಿಲ್ಲ. ಒಳಗೆ ತುಂಬುವ ಎಲೆ, ಅದನ್ನು ಹಿಡಿದಿಡುವ ಎಲೆ, ಎಲ್ಲಕ್ಕೂ ಹೊರಗೆ ನಯವಾಗಿ ಸುತ್ತಿದ ಎಲೆ, ಹೀಗೆ ಎಲ್ಲವೂ ಹೊಗೆಸೊಪ್ಪೇ. ಕ್ಯೂಬಾದ ಪಶ್ಚಿಮ ಭಾಗದ ಪಿನಾರ್ ಡೆಲ್ ರಿಯೋ ಪ್ರಾಂತ್ಯದಲ್ಲಿ ಬೆಳೆದ ಎಲೆಗಳಿಗೆ ಹೆಸರು ಹೆಚ್ಚು. ಕೊಯ್ದ ಎಲೆಗಳನ್ನು ಕೊಟ್ಟಿಗೆಗಳಲ್ಲಿ ತೂಗುಹಾಕಿ ವಾರಗಟ್ಟಲೆ ಗಾಳಿಗೆ ಒಣಗಿಸುವರು. ಬಳಿಕ ಅವುಗಳಿಗೆ ನೀರು ಚಿಮುಕಿಸಿ ದೊಡ್ಡ ರಾಶಿಗಳಾಗಿ ಒಟ್ಟುವರು. ಗೊಬ್ಬರದ ಗುಂಡಿಗೆ ಕೈ ಹಾಕಿದವರಿಗೆ ಅದರ ಒಡಲು ಬೆಚ್ಚಗಿರುವುದು ತಿಳಿದಿದೆಯಷ್ಟೆ. ಹೊಗೆಸೊಪ್ಪಿನ ರಾಶಿಯೂ ಹಾಗೆಯೇ ತನ್ನಷ್ಟಕ್ಕೆ ಕಾವೇರುವುದು. ಕಾವು ಮಿತಿಮೀರುವ ಮುನ್ನ ರಾಶಿಯನ್ನು ಕೆಡವಿ, ಒಳಗಿನ ಎಲೆ ಹೊರಗೆ ಬರುವಂತೆ ಮತ್ತೆ ಒಟ್ಟುವರು. ಈ ಹುದುಗುವಿಕೆಯಲ್ಲಿ ಎಲೆಯ ಸಸಾರಜನಕ ಪದಾರ್ಥಗಳು ಒಡೆದು ಅಮೋನಿಯ ಅನಿಲ ಹೊರಬೀಳುವುದು. ರುಚಿಯನ್ನು ರೂಪಿಸುವ ಕೆಲಸದ ಬಹುಭಾಗ ಇಲ್ಲಿಯೇ ಮುಗಿಯುವುದೆಂಬುದನ್ನು ಮನಸ್ಸಿನಲ್ಲಿಡಿ.

ಇನ್ನು ಮನೆಯ ಪೆಟ್ಟಿಗೆಗೆ ಬರೋಣ. ಇದಕ್ಕೆ ಹ್ಯೂಮಿಡಾರ್ ಎಂದು ಹೆಸರು. ಒಳಗಿನ ಗಾಳಿಯ ಸಾಪೇಕ್ಷ ಆರ್ದ್ರತೆಯನ್ನು ಶೇಕಡ 65ರಿಂದ 70ರ ಸುಮಾರಿನಲ್ಲಿ ನಿಲ್ಲಿಸುವುದೇ ಇದರ ಕೆಲಸ. ಒಳಗೋಡೆಗೆ ಸಾಮಾನ್ಯವಾಗಿ ಹಾಕುವ ಹಲಗೆಯನ್ನು ಸ್ಪ್ಯಾನಿಷ್ ದೇವದಾರು ಎನ್ನುವರು. ಹೆಸರು ವಿಚಿತ್ರವಾದುದು. ಆ ಮರ ಸ್ಪೇನ್ ದೇಶದ್ದಲ್ಲ, ದೇವದಾರು ಮೊದಲೇ ಅಲ್ಲ. ಅಮೆರಿಕ ಖಂಡದ ಉಷ್ಣಪ್ರದೇಶದ ಅದು ನಮ್ಮ ಬೇವಿನ ಕುಟುಂಬಕ್ಕೆ ಸೇರಿದ್ದು. ಪೆಟ್ಟಿಗೆಯ ಮುಚ್ಚಳದಲ್ಲಿ ಒಂದು ಆರ್ದ್ರತಾಮಾಪಕವಿರುವುದು. ಅದರ ಮುಳ್ಳು ಒಂದೆರಡು ಅಂಕ ಕೆಳಗಿಳಿದರೂ ಒಡೆಯನಿಗೆ ನಿದ್ರೆ ಬಾರದು.

ಈ ಗಾಬರಿ ಎಷ್ಟು ಸರಿ? ಲೆಕ್ಕ ಮಾಡಿ ನೋಡೋಣ. 20 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 17.3 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲುದು. ಆರ್ದ್ರತೆ ಶೇಕಡ 70 ಎಂದರೆ ಅದರಲ್ಲಿ ಇರುವುದು 12.1 ಗ್ರಾಂ. ಪೆಟ್ಟಿಗೆಯ ಒಳಗಾತ್ರ 10 ಲೀಟರ್ ಎಂದಿಟ್ಟುಕೊಳ್ಳಿ. ಅದರ ಗಾಳಿಯಲ್ಲಿರುವ ಒಟ್ಟು ನೀರು ಕೇವಲ 0.12 ಗ್ರಾಂ, ಎಂದರೆ ಎರಡು ಮೂರು ಹನಿ. ಈಗ ಅದರಲ್ಲಿ ತಲಾ 10 ಗ್ರಾಂ ತೂಗುವ 25 ಸಿಗಾರುಗಳಿವೆ ಎನ್ನಿ. ತೂಕದ ಎಂಟನೆಯ ಒಂದು ಪಾಲು ನೀರೆಂದು ಸ್ಥೂಲವಾಗಿ ಹಿಡಿದರೂ ಎಲೆಗಳಲ್ಲಿ 31 ಗ್ರಾಂ ನೀರಿದೆ. ಗಾಳಿಯಲ್ಲಿರುವುದಕ್ಕಿಂತ ಇದು ಇನ್ನೂರೈವತ್ತು ಪಾಲು ಹೆಚ್ಚು! ಮುಚ್ಚಳ ತೆರೆದಾಗ ಒಳಗಿನ ಆವಿಯೆಲ್ಲ ಹಾರಿಹೋದರೂ ಎಲೆಗಳು ತಮ್ಮ ನೀರಿನಲ್ಲಿ ಶೇಕಡ ಅರ್ಧಕ್ಕಿಂತ ಕಡಮೆಯನ್ನು ವ್ಯಯಿಸಿ ಆ ನಷ್ಟವನ್ನು ತುಂಬಬಲ್ಲುವು. ಗಾಳಿ ಎಲೆಯನ್ನು ಆಳುತ್ತಿಲ್ಲ, ಎಲೆಯೇ ಗಾಳಿಯನ್ನು ಆಳುತ್ತಿದೆ.

ಇದರಿಂದ ಇನ್ನೊಂದು ಸಂಗತಿ ಹೊರಡುವುದು. ಬರಿಯ ಪೆಟ್ಟಿಗೆಯನ್ನು ಮುಚ್ಚಿ 20ರಿಂದ 30 ಡಿಗ್ರಿಗೆ ಕಾಯಿಸಿದರೆ ಏನಾಗುವುದು? 30 ಡಿಗ್ರಿಯ ಗಾಳಿ ಘನ ಮೀಟರಿಗೆ 30.4 ಗ್ರಾಂ ಹಿಡಿಯಬಲ್ಲುದು, ಇರುವುದು 12.1 ಗ್ರಾಂ. ಆರ್ದ್ರತೆ ಶೇಕಡ 40ಕ್ಕೆ ಇಳಿಯಬೇಕು, ಇಳಿಯುವುದು. ಆದರೆ ಸಿಗಾರು ತುಂಬಿದ ಪೆಟ್ಟಿಗೆಯಲ್ಲಿ ಈ ಲೆಕ್ಕ ತಪ್ಪಾಗುವುದು. ಎಲೆಗಳು ಅತ್ಯಲ್ಪ ನೀರನ್ನು ಬಿಟ್ಟುಕೊಟ್ಟು ಮುಳ್ಳನ್ನು 70ರ ಬಳಿಯೇ ನಿಲ್ಲಿಸುವುವು. ಪರೀಕ್ಷೆಯಲ್ಲಿ ಆರ್ದ್ರತೆಯ ಲೆಕ್ಕ ಮಾಡುವಾಗ ನಾವು ಯಾವಾಗಲೂ ಬರಿಯ ಕೋಣೆಯನ್ನೇ ಕಲ್ಪಿಸಿಕೊಳ್ಳುತ್ತೇವೆ; ಕೋಣೆಯಲ್ಲಿ ಹತ್ತಿ, ಕಾಗದ, ಮರ, ಧಾನ್ಯ ಇವುಗಳಿದ್ದರೆ ಪ್ರಕೃತಿ ಬೇರೆ ಉತ್ತರ ಕೊಡುವುದು.

ನೀರಿಗೂ ರುಚಿಗೂ ಏನು ಸಂಬಂಧ? ಉರಿಯುವ ಕೆಂಡದ ಹಿಂದಿರುವ ಎಲೆಯ ನೀರೆಲ್ಲ ಆವಿಯಾಗಬೇಕು. ಕುದಿಯುವ ಬಿಂದುವಿನಲ್ಲಿ ಒಂದು ಗ್ರಾಂ ನೀರನ್ನು ಆವಿಯಾಗಿಸಲು ಸುಮಾರು 540 ಕ್ಯಾಲೊರಿ ಶಾಖ ಬೇಕು. ಎಲೆಯಲ್ಲಿ ತೇವ ಹೆಚ್ಚಾದರೆ ಈ ಶಾಖವನ್ನು ಕೊಟ್ಟು ಕೆಂಡ ತಣಿಯುವುದು, ಸಿಗಾರು ಮತ್ತೆ ಮತ್ತೆ ಆರುವುದು, ಹೊಗೆ ಕಟುವಾಗುವುದು. ತೀರ ಒಣಗಿದ್ದರೆ ಬೇಗ ಉರಿದು ಬಾಯಿಯನ್ನು ಸುಡುವುದು. ಸುರುಳಿ ಸುತ್ತುವಾಗ ಎಲೆ ಮುರಿಯದಿರಲೆಂದು ಅದನ್ನು ತೇವ ಮಾಡಿಯೇ ಸುತ್ತುವರು. ಬಿಗಿಯಾಗಿ ಸುತ್ತಿದ ಎಲೆಗಳ ನಡುವಿನಿಂದ ಆವಿ ಹೊರಬರುವುದು ಬಹು ನಿಧಾನ. ನಡುಭಾಗವೂ ಹೊರಭಾಗವೂ ಸಮತೋಲಕ್ಕೆ ಬರಲು ವಾರಗಳು ಬೇಕು. ಆದುದರಿಂದ ಹೊಸದಾಗಿ ತಂದ ಸಿಗಾರನ್ನು ಒಂದೆರಡು ತಿಂಗಳು ಪೆಟ್ಟಿಗೆಯಲ್ಲಿಟ್ಟು ಸೇದಿದಾತನು “ರುಚಿ ಹೆಚ್ಚಿದೆ” ಎಂದರೆ ಅವನ ಮಾತು ನಿಜವಿರಬಹುದು. ಆದರೆ ಆ ಹಿರಿಮೆ ವಯಸ್ಸಿನದಲ್ಲ, ನೀರಿನದು. ಈ ಎರಡನ್ನೂ ಒಂದೆಂದು ಭಾವಿಸುವುದೇ ಇಡೀ ಚರ್ಚೆಯಲ್ಲಿನ ದೊಡ್ಡ ಗೊಂದಲವೆಂದು ನನ್ನ ಎಣಿಕೆ.

ನೀರು ಸಮತೋಲಕ್ಕೆ ಬಂದ ಮೇಲೆಯೂ ಏನಾದರೂ ನಡೆಯುವುದೆ? ನಡೆಯುವುದು, ಆದರೆ ಅದು ಕಾರ್ಖಾನೆಯ ರಾಶಿಯಲ್ಲಿ ನಡೆದ ಹುದುಗುವಿಕೆಯಲ್ಲ. ಶೇಕಡ 70ರ ಆರ್ದ್ರತೆಯೊಡನೆ ಸಮತೋಲದಲ್ಲಿರುವ ಎಲೆಯಲ್ಲಿ ಬ್ಯಾಕ್ಟೀರಿಯಗಳು ಬೆಳೆಯಲಾರವು. ಅವುಗಳಲ್ಲಿ ಹೆಚ್ಚಿನವಕ್ಕೆ 90ಕ್ಕೆ ಮಿಗಿಲಾದ ಆರ್ದ್ರತೆ ಬೇಕು. ಬೂಷ್ಟುಗಳಲ್ಲಿಯೂ ಒಣ ವಾಸ ಬಲ್ಲ ಕೆಲವು ಜಾತಿಗಳನ್ನು ಬಿಟ್ಟರೆ ಉಳಿದವು ಸುಮ್ಮನಿರುವುವು. ಉಳಿಯುವುದು ಎರಡು ನಿಧಾನ ಕ್ರಿಯೆಗಳು. ಎಲೆಯ ಪದಾರ್ಥಗಳು ಗಾಳಿಯ ಆಮ್ಲಜನಕದೊಡನೆ ಕೂಡುವುದು ಒಂದು, ಬಾಷ್ಪಶೀಲ ಪದಾರ್ಥಗಳು ಹಾರಿಹೋಗುವುದು ಇನ್ನೊಂದು. ಹಾರಿಹೋಗುವವುಗಳಲ್ಲಿ ಅಳಿದುಳಿದ ಅಮೋನಿಯವೂ ಸೇರಿದೆ. ಮೂಗಿಗೆ ಚುಚ್ಚುವ ಅನಿಲ ತೊಲಗಿದರೆ ಹೊಗೆ ಮೃದುವಾಗುವುದು ಸಹಜ. ವಯಸ್ಸಿನ ಗುಣವೆಂದು ನ್ಯಾಯವಾಗಿ ಹೇಳಬಹುದಾದುದು ಇದೊಂದು.

ಆದರೆ ಬಾಗಿಲು ತೆರೆದರೆ ಕಳ್ಳನೊಬ್ಬನೇ ಹೊರಗೆ ಹೋಗುವನೆ? ಸುವಾಸನೆ ಕೊಡುವ ತೈಲಗಳೂ ಬಾಷ್ಪಶೀಲಗಳೇ. ಅಮೋನಿಯ ಹೋದ ದಾರಿಯಲ್ಲಿಯೇ ಅವೂ ಹೋಗುವುವು. ಪೆಟ್ಟಿಗೆಯನ್ನು ಗಾಳಿಯಾಡದಂತೆ ಬಿಗಿದರೆ ಸುವಾಸನೆಯೂ ಉಳಿಯುವುದು, ಅಮೋನಿಯವೂ ಉಳಿಯುವುದು. “ಹಳೆಯ ಸಿಗಾರು ಮೃದು” ಎಂಬ ಹೊಗಳಿಕೆಯಲ್ಲಿ “ಹಳೆಯ ಸಿಗಾರು ಸಪ್ಪೆ” ಎಂಬ ದೂರು ಎಷ್ಟು ಪಾಲು ಸೇರಿದೆಯೋ ಬೇರ್ಪಡಿಸುವುದು ಸುಲಭವಲ್ಲ. ಕಟುವಾದ, ಗಡುಸಾದ ಸಿಗಾರಿಗೆ ಕೆಲವು ವರ್ಷಗಳ ವಿಶ್ರಾಂತಿ ಲಾಭವಾಗಬಹುದು. ಮೊದಲೇ ಮೆದುವಾದುದಕ್ಕೆ ನಷ್ಟವೇ ಹೆಚ್ಚು. ಕೂಡಿಡುವವರಲ್ಲಿಯೂ ಅನುಭವಸ್ಥರು ಇದನ್ನು ಒಪ್ಪುವರು.

ಸೆಕೆಯ ದೇಶಗಳಲ್ಲಿ ಇನ್ನೊಂದು ಅಪಾಯವುಂಟು. ಹೊಗೆಸೊಪ್ಪಿನ ಜೀರುಂಡೆಯ ಮೊಟ್ಟೆಗಳು ಎಲೆಯಲ್ಲಿ ಅಡಗಿದ್ದು, ಪೆಟ್ಟಿಗೆ ಬೆಚ್ಚಗಾದರೆ ಮರಿಗಳು ಹೊರಬಂದು ಸಿಗಾರನ್ನು ಕೊರೆದುಹಾಕುವುವು. ನಮ್ಮ ಉಗ್ರಾಣದ ಕೊತ್ತಂಬರಿ ಬೀಜ, ಅರಿಸಿನಗಳಲ್ಲಿ ಸಣ್ಣ ತೂತು ಮಾಡುವುದೂ ಈ ಹುಳುವೇ.

ಹಾಗಾದರೆ ಹತ್ತು ವರ್ಷ ಕಾದವನಿಗೆ ರುಚಿ ಹೆಚ್ಚಿತೆಂದು ತೋರುವುದು ಸುಳ್ಳೆ? ಸುಳ್ಳೆನ್ನಲಾಗದು, ಪರೀಕ್ಷೆಗೆ ಒಳಗಾಗದ ಮಾತು ಎನ್ನಬಹುದು. ಅವನು ಇಂದಿನ ಸಿಗಾರನ್ನು ಹೋಲಿಸುವುದು ಹತ್ತು ವರ್ಷದ ಹಿಂದಿನ ನೆನಪಿನೊಡನೆ. ಇಂದು ಕೊಂಡ ಹೊಸದರೊಡನೆ ಹೋಲಿಸಿದರೂ ಬೆಳೆ ಬೇರೆ, ಮಳೆ ಬೇರೆ, ಸುತ್ತಿದ ಕೈ ಬೇರೆ. ಸಾಲದುದಕ್ಕೆ ಯಾವುದು ಹಳೆಯದು, ಯಾವುದಕ್ಕೆ ಎಷ್ಟು ಹಣ ತೆತ್ತೆ ಎಂಬುದು ಅವನಿಗೆ ಗೊತ್ತು. ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ 1935ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇಂಥ ಜಗಳವನ್ನು ಬಗೆಹರಿಸುವ ದಾರಿ ತೋರಿದರು. ಚಹಕ್ಕೆ ಹಾಲನ್ನು ಮೊದಲು ಹಾಕಿದರೋ ಆಮೇಲೆ ಹಾಕಿದರೋ ಎಂಬುದನ್ನು ರುಚಿಯಿಂದಲೇ ಹೇಳಬಲ್ಲೆನೆಂದ ಮಹಿಳೆಯ ಮುಂದೆ ಎಂಟು ಬಟ್ಟಲುಗಳು, ಪ್ರತಿ ಬಗೆಯವು ನಾಲ್ಕು ನಾಲ್ಕು, ಕ್ರಮ ತಿಳಿಸದೆ ಇಡತಕ್ಕದ್ದು. ಎಂಟರಲ್ಲಿ ನಾಲ್ಕನ್ನು ಆರಿಸುವ ಬಗೆಗಳು 70. ಬರಿಯ ಊಹೆಯಿಂದ ಎಲ್ಲವನ್ನೂ ಸರಿಯಾಗಿ ಹೇಳುವ ಸಂಭವ ಎಪ್ಪತ್ತರಲ್ಲಿ ಒಂದೇ. ಸಿಗಾರಿಗೂ ಇದೇ ನ್ಯಾಯ. ಒಂದೇ ದಿನ ಒಂದೇ ಎಲೆಯಿಂದ ಸುತ್ತಿದವುಗಳಲ್ಲಿ ಅರ್ಧವನ್ನು ಗಾಳಿಯಾಡದ ಡಬ್ಬಿಯಲ್ಲಿ ಹೆಪ್ಪುಗಟ್ಟುವ ಶೀತದಲ್ಲಿಟ್ಟು ಅವುಗಳ ಕ್ರಿಯೆಗಳನ್ನು ಬಹುಮಟ್ಟಿಗೆ ತಡೆಯಬೇಕು, ಉಳಿದರ್ಧವನ್ನು ಪೆಟ್ಟಿಗೆಯಲ್ಲಿಡಬೇಕು. ಕೊನೆಗೆ ಎರಡನ್ನೂ ಒಂದೇ ಆರ್ದ್ರತೆಗೆ ತಂದು, ಗುರುತು ತಿಳಿಸದೆ ಕೊಡಬೇಕು. ಹತ್ತು ವರ್ಷ ಹಿಡಿಯುವ ಪ್ರಯೋಗಕ್ಕೆ ಹವ್ಯಾಸಿಗಳು ಕೈಹಾಕುವುದು ವಿರಳ.

ರುಚಿಯ ವಿಷಯ ಹೇಗಾದರೂ ಇರಲಿ, ಹಳೆಯ ಸಿಗಾರು ಹೊಸದಕ್ಕಿಂತ ನಿರಪಾಯವೆಂದು ಯಾರೂ ಭ್ರಮಿಸಬಾರದು. ಒಣಗಿಸುವಾಗಲೂ ಹುದುಗಿಸುವಾಗಲೂ ಎಲೆಯಲ್ಲಿ ಹುಟ್ಟುವ ನೈಟ್ರೊಸಮೀನುಗಳಲ್ಲಿ ಕೆಲವು ಕ್ಯಾನ್ಸರನ್ನುಂಟುಮಾಡುವುವೆಂದು ಸಿದ್ಧವಾಗಿದೆ. ಅಮೋನಿಯದಂತೆ ಅವು ಹಾರಿಹೋಗುವ ಅನಿಲಗಳಲ್ಲ.

ಪೆಟ್ಟಿಗೆಯ ಭೌತಶಾಸ್ತ್ರವನ್ನು ಹೊಗೆಸೊಪ್ಪಿಲ್ಲದೆಯೇ ನೀವು ಮಾಡಿ ನೋಡಬಹುದು. ಸಣ್ಣ ಬಟ್ಟಲಿನಲ್ಲಿ ಅಡಿಗೆ ಉಪ್ಪನ್ನು ತುಸು ನೀರಿನೊಡನೆ ಕಲಸಿ, ಕರಗದ ಉಪ್ಪು ಕಾಣುವಷ್ಟು ಮುದ್ದೆಯಾಗಿರಲಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಪರ್ಯಾಪ್ತ ಉಪ್ಪಿನ ದ್ರಾವಣದ ಮೇಲಿನ ಗಾಳಿ ನಮ್ಮ ಕೋಣೆಯ ಉಷ್ಣತೆಯಲ್ಲಿ ಶೇಕಡ 75ರ ಆರ್ದ್ರತೆಗೆ ಬಂದು ನಿಲ್ಲುವುದು. ಸಿಗಾರು ಕೂಡಿಡುವವರು ತಮ್ಮ ಮಾಪಕದ ಮುಳ್ಳನ್ನು ತಿದ್ದುವುದು ಈ ಉಪಾಯದಿಂದಲೇ. ಬಿಸಿಲಿಗೆ ಒಣಗಿಸಿದ ಮುತ್ತುಗದ ಎಲೆಗಳನ್ನು ಕಾಲೇಜಿನ ತಕ್ಕಡಿಯಲ್ಲಿ ತೂಗಿ, ಉಪ್ಪು ಸೋಕದಂತೆ ಅದೇ ಡಬ್ಬಿಯಲ್ಲಿಡಿ. ದಿನಕ್ಕೊಮ್ಮೆ ತೂಗಿ ಬರೆದಿಡಿ. ಪುಡಿಪುಡಿಯಾಗುತ್ತಿದ್ದ ಎಲೆ ಮೆಲ್ಲನೆ ಬಾಗತೊಡಗುವುದು. ತೂಕ ಮೊದಲು ಬೇಗನೆ, ಆಮೇಲೆ ನಿಧಾನವಾಗಿ ಏರಿ ಒಂದೆಡೆ ನಿಲ್ಲುವುದು. ಎಲೆಗಳನ್ನು ಬಿಡಿಯಾಗಿ ಇಟ್ಟಾಗಲೂ, ಬಿಗಿಯಾಗಿ ಸುರುಳಿ ಸುತ್ತಿ ಇಟ್ಟಾಗಲೂ ಎಷ್ಟೆಷ್ಟು ದಿನ ಹಿಡಿಯಿತೆಂಬುದನ್ನು ಹೋಲಿಸಿ ನೋಡಿ. ಮಳೆಗಾಲದಲ್ಲಿ ಮಾಡುವುದಾದರೆ ಅಡಿಗೆಮನೆಯ ಉಪ್ಪಿನ ಭರಣಿಯನ್ನೂ ಗಮನಿಸಿ: ಅದು ನೀರೊಡೆಯತೊಡಗಿದ ದಿನ ನಿಮ್ಮ ಮನೆಯ ಗಾಳಿಯ ಆರ್ದ್ರತೆ 75ನ್ನು ದಾಟಿದೆಯೆಂದು ತಿಳಿಯಬಹುದು.