ಜಲ್ಲಿ ಹಾದಿಯ ಸೈಕಲ್ ಸವಾರಿ: ಮಾಡಬೇಕಾದ್ದು, ಮಾಡಬಾರದ್ದು

ಗ್ರೇಟರ್ ನೋಯ್ಡಾದಿಂದ ನಮ್ಮ ಜೊತೆ ಭಾನುವಾರದ ಸವಾರಿಗೆ ಬರುವ ಕನ್ನಡದ ಬಂಧುಗಳೆಲ್ಲ ಇದನ್ನು ಪೂರ್ತಿ ಓದಿ, ಒಪ್ಪಿಕೊಂಡು ಬರಬೇಕು. ಒಪ್ಪದವರನ್ನು ನಾವು ಸೇರುವ ಪರಿ ಚೌಕದಿಂದಲೇ ವಾಪಸ್ ಕಳಿಸುತ್ತೇವೆ. ಯಾರೂ ಬೇಸರ ಮಾಡಿಕೊಳ್ಳಬಾರದು.

ವಾಹನದ ಕಾಟವಿಲ್ಲದ ಕಚ್ಚಾ ಹಾದಿ ನಮಗೆ ಸಿಗುವುದು ಮೂರು ಕಡೆ. ಸೂರಜ್‌ಪುರದ ಕಾಡು ಮತ್ತು ಕೆರೆಯ ಆಸುಪಾಸು ಒಂದು. ಯಮುನೆ, ಹಿಂಡನ್ ನದಿಗಳ ಒಡ್ಡು ಮತ್ತು ಹೊಲಗಳ ನಡುವಿನ ಚಕ್ ರೋಡುಗಳು ಇನ್ನೊಂದು. ಬೆಟ್ಟ, ಕಾಡು, ನೀರು ಮೂರೂ ಒಟ್ಟಿಗೆ ಬೇಕೆಂದರೆ ಸೈಕಲ್ಲನ್ನು ಕಾರಿಗೆ ಕಟ್ಟಿಕೊಂಡು ದಿಲ್ಲಿ–ಫರೀದಾಬಾದ್ ಗಡಿಯ ಅರಾವಳಿಗೇ ಹೋಗಬೇಕು. ಇಲ್ಲೆಲ್ಲ ಕಾರು ಬರುವುದಿಲ್ಲ, ನಿಜ. ಆದರೆ ಒಂದು ಜಾಗ ಅರಣ್ಯ ಇಲಾಖೆಯದು, ಒಂದು ರೈತರದು, ಇನ್ನೊಂದರಲ್ಲಿ ಚಿರತೆ ಓಡಾಡುತ್ತದೆ. ಕೆಳಗಿನ ಕಟ್ಟುಪಾಡುಗಳೆಲ್ಲ ಅದಕ್ಕಾಗಿಯೇ ಇರುವುದು.

ಹೊರಡುವ ಮೊದಲು

ಎದ್ದ ಕೂಡಲೇ ಗಾಳಿಯ ಗುಣಮಟ್ಟದ ಸೂಚ್ಯಂಕ ನೋಡಬೇಕು. 200 ದಾಟಿದ್ದರೆ ದೂರದ ಸವಾರಿ ಇಲ್ಲ. 300 ದಾಟಿದ್ದರೆ ಸವಾರಿಯೇ ಇಲ್ಲ. ಸರ್ಕಾರದ ಲೆಕ್ಕದಲ್ಲೇ 201ರಿಂದ ‘ಕಳಪೆ’, 301ರಿಂದ ‘ಅತಿ ಕಳಪೆ’, 401ರಿಂದ ‘ತೀವ್ರ’. ಸುಮ್ಮನೆ ಕೂತವರಿಗಿಂತ ಪೆಡಲ್ ತುಳಿಯುವವರು ಹಲವು ಪಟ್ಟು ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ. ಏರು ಬಂದಾಗ ಬಾಯಲ್ಲಿ ಉಸಿರಾಡುವುದರಿಂದ ಮೂಗು ಸೋಸುವ ಧೂಳೂ ನೇರ ಎದೆಗೆ ಇಳಿಯುತ್ತದೆ. ನವೆಂಬರಿನಲ್ಲಿ ಎಷ್ಟೋ ಭಾನುವಾರ ಹೀಗೇ ಕೈತಪ್ಪುತ್ತವೆ. ತಪ್ಪಲಿ. ಆರೋಗ್ಯಕ್ಕೆಂದು ಹೊರಟು ಶ್ವಾಸಕೋಶ ಕೆಡಿಸಿಕೊಳ್ಳುವುದು ಬೇಡ.

ಡಿಸೆಂಬರ್ ಕೊನೆಯಿಂದ ಜನವರಿಯವರೆಗೆ ಮಂಜು ಕವಿದ ಬೆಳಗ್ಗೆ ಬಿಸಿಲು ಬಂದ ಮೇಲೆಯೇ ಹೊರಡುವುದು. ಯಾವ ಚಕ್ ರೋಡೂ ಎಲ್ಲೋ ಒಂದು ಕಡೆ ಡಾಂಬರು ರಸ್ತೆಗೆ ಸೇರಲೇಬೇಕು. ಅಪಾಯ ಇರುವುದು ಆ ಒಂದು ತಿರುವಿನಲ್ಲಿ. ಹಿಂದಿನ ಕೆಂಪು ದೀಪ ಹಗಲಲ್ಲೂ ಉರಿಯುತ್ತಿರಲಿ. ಮೇ, ಜೂನ್‌ನಲ್ಲಿ ಲೂ ಎಂಬ ಬಿಸಿಗಾಳಿ ಬೀಸುವ ಮುನ್ನ, ಅಂದರೆ ಬೆಳಗ್ಗೆ 8ರೊಳಗೆ ಎಲ್ಲರೂ ಮನೆ ಸೇರಿರಬೇಕು.

ಟೈರು ಕನಿಷ್ಠ 38 ಮಿ.ಮೀ. ಅಗಲ ಇರಲಿ. 40 ಮಿ.ಮೀ. ಟೈರಿಗೆ, 70 ಕೆ.ಜಿ. ತೂಕದವರಿಗೆ 35 ಪಿಎಸ್ಐ ಸುಮಾರು ಗಾಳಿ ಸಾಕು. ಗಟ್ಟಿಯಾಗಿ ತುಂಬಿದರೆ ಚಕ್ರ ಕಲ್ಲಿನ ಮೇಲೆ ಕುಪ್ಪಳಿಸುತ್ತದೆ, ಹಿಡಿತ ಸಿಗುವುದಿಲ್ಲ. ಎರಡು ಟ್ಯೂಬ್, ಪಂಪು, ಪಂಕ್ಚರ್ ಕಿಟ್ಟು ಪ್ರತಿಯೊಬ್ಬರ ಬಳಿಯೂ ಇರಬೇಕು. ಪಕ್ಕದವರ ಬಳಿ ಇದೆ ಎಂದು ನಂಬಿ ಬರಬೇಡಿ. ಇಲ್ಲಿಯವರು ವಿಲಾಯತಿ ಕೀಕರ್ ಎನ್ನುವುದು ನಮ್ಮ ಬಳ್ಳಾರಿ ಜಾಲಿಯನ್ನೇ. ಸೂರಜ್‌ಪುರದಿಂದ ಅರಾವಳಿಯವರೆಗೆ ಹಾದಿಯ ಎರಡೂ ಬದಿ ಅದೇ. ಒಣಗಿದ ಮುಳ್ಳು ಮಣ್ಣಿನ ಬಣ್ಣಕ್ಕೆ ತಿರುಗಿ ಕಣ್ಣಿಗೇ ಬೀಳುವುದಿಲ್ಲ. ಟೈರಿಗೆ ಚುಚ್ಚಿ ತುದಿ ಒಳಗೇ ಮುರಿದು ಉಳಿಯುತ್ತದೆ. ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಮೈಯನ್ನು ಬೆರಳಿನಿಂದ ನಿಧಾನವಾಗಿ ಸವರಿ ನೋಡಲೇಬೇಕು. ಇಲ್ಲದಿದ್ದರೆ ಹೊಸ ಟ್ಯೂಬೂ ನೂರು ಗಜ ದಾಟುವುದಿಲ್ಲ.

ಎಕ್ಸ್‌ಪ್ರೆಸ್‌ವೇ ಹತ್ತಕೂಡದು. ಕಾಲು ಗಂಟೆ ಉಳಿಯುತ್ತದೆಂದರೂ ಕೂಡದು. ಹಳ್ಳಿಯವರ ಅಂಡರ್‌ಪಾಸ್‌ಗಳಿವೆ, ಅವನ್ನೇ ಬಳಸಿ.

ಹೊಲದ ಹಾದಿಯಲ್ಲಿ

ಚಕ್ ರೋಡು ಎಂದರೆ ಹಿಡುವಳಿಗಳನ್ನು ಒಟ್ಟುಗೂಡಿಸುವ 1953ರ ಉತ್ತರ ಪ್ರದೇಶದ ಕಾಯ್ದೆಯ ಪ್ರಕಾರ ಚಕ್‌ಬಂದಿ ಆದಾಗ, ಎಲ್ಲರ ಹೊಲಕ್ಕೂ ದಾರಿ ಇರಲೆಂದು ಬಿಟ್ಟ ಜಾಗ. ಅದು ನಮ್ಮ ವ್ಯಾಯಾಮಕ್ಕೆಂದು ಬಿಟ್ಟದ್ದಲ್ಲ. ಟ್ರ್ಯಾಕ್ಟರ್ ಟ್ರಾಲಿ, ಎಮ್ಮೆ, ತಲೆ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸರು, ಯಾರು ಎದುರಾದರೂ ಇಳಿದು ಬದಿಗೆ ನಿಲ್ಲಬೇಕು. ಹಿರಿಯರು ಕಂಡರೆ ‘ರಾಮ್ ರಾಮ್ ತಾಊ’ ಎನ್ನಿ. ಒಂದು ಮಾತಿಗೆ ದಾರಿಯನ್ನೂ ತೋರಿಸುತ್ತಾರೆ, ಬೋರ್‌ವೆಲ್ ನೀರನ್ನೂ ಕೊಡುತ್ತಾರೆ. ಕೆಲಸ ಮಾಡುವ ಹೆಂಗಸರ ಫೋಟೊ ತೆಗೆಯಬಾರದು. ಫೋಟೊಗೆಂದು ಹೂಬಿಟ್ಟ ಸಾಸಿವೆ ಹೊಲಕ್ಕೆ ಕಾಲಿಡಬಾರದು. ನಾವು ತುಳಿದ ಪ್ರತಿ ಗಿಡವೂ ಯಾರದೋ ದುಡ್ಡು.

ಮಳೆ ಬಿದ್ದ ಮೇಲೆ ಎರಡು ದಿನ ಈ ಹಾದಿಗಳಿಗೆ ಇಳಿಯಕೂಡದು. ಯಮುನೆಯ ಮೆಕ್ಕಲು ಮಣ್ಣು ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನ ಹಾಗೆ ನೀರು ಬಸಿದುಕೊಳ್ಳುವುದಿಲ್ಲ. ಹಸಿ ಇರುವಾಗ ಚಕ್ರಕ್ಕೆ ಮೆತ್ತಿ, ಫೋರ್ಕಿನ ಸಂದಿಯಲ್ಲಿ ಗಟ್ಟಿಯಾಗಿ ಕೂತು, ಸೈಕಲ್ಲನ್ನು ತಳ್ಳಲೂ ಬಿಡುವುದಿಲ್ಲ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ನಾವು ಒತ್ತಿದ ಗಾಲಿಯ ಗುರುತು ಬಿಸಿಲಿಗೆ ಒಣಗಿ ಕಲ್ಲಾಗುತ್ತದೆ. ಆಮೇಲೆ ವಾರಗಟ್ಟಲೆ ಅದರ ಮೇಲೆ ಓಡಾಡಬೇಕಾದವರು ರೈತರು. ಮಳೆಗಾಲದಲ್ಲಿ ಒಡ್ಡಿನಿಂದ ನದಿಯ ಕಡೆ ಇಳಿಯುವ ಮಾತೇ ಬೇಡ. 2023ರ ಜುಲೈ 13ರಂದು ದಿಲ್ಲಿಯಲ್ಲಿ ಯಮುನೆ 208.66 ಮೀಟರ್ ಮುಟ್ಟಿ ಹಳೆಯ ದಾಖಲೆಯನ್ನೆಲ್ಲ ಮೀರಿತು. ಅದೇ ತಿಂಗಳು ಹಿಂಡನ್ ಕೂಡ ಉಕ್ಕಿ ಮನೆಗಳಿಗೆ ನುಗ್ಗಿತು.

ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯಬಾರದು. ಇಳಿದು, ನಾಯಿಗೂ ನಿಮಗೂ ನಡುವೆ ಸೈಕಲ್ ಹಿಡಿದು, ನಿಧಾನ ನಡೆಯಿರಿ. ಕಚ್ಚಿದರೆ, ಬರೀ ಗೀರಿದರೂ ಸರಿ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಲಸಿಕೆ ಹಾಕಿಸಬೇಕು. ಚೀಲದಲ್ಲಿ ಒಂದು ಸಣ್ಣ ಸೋಪು ಇರಲೇಬೇಕು ಎನ್ನುವುದು ಇದಕ್ಕೇ.

ಕೆರೆ ಬದಿಯಲ್ಲಿ

ಸೂರಜ್‌ಪುರದ ಮೀಸಲು ಅರಣ್ಯ ಸುಮಾರು 308 ಹೆಕ್ಟೇರ್, ಅದರಲ್ಲಿ ಕೆರೆ 60 ಹೆಕ್ಟೇರ್. ಸುತ್ತ ಕಾರ್ಖಾನೆ, ಅಪಾರ್ಟ್‌ಮೆಂಟ್ ಎದ್ದ ಮೇಲೂ ಇದು ಉಳಿದಿರುವುದು ನಮ್ಮೆಲ್ಲರ ಭಾಗ್ಯ. ಗೇಟಿನಿಂದಲೇ ಒಳಗೆ ಹೋಗಬೇಕು. ಸೈಕಲ್ ಒಳಗೆ ಬಿಡುವುದು, ಬಿಡದಿರುವುದು ಅಲ್ಲಿನ ಸಿಬ್ಬಂದಿಯ ಮಾತು. ಬೇಡ ಎಂದರೆ ಹೊರಗೆ ಬೀಗ ಹಾಕಿಟ್ಟು ನಡೆದು ಹೋಗಿ. ಬೇಲಿ ಮುರಿದ ಜಾಗ ಹುಡುಕಿ ನುಸುಳುವವರು ನಮ್ಮ ಗುಂಪಿನವರಲ್ಲ.

ಚಳಿಗಾಲದಲ್ಲಿ ಇಲ್ಲಿಗೆ ಬರುವ ಪಟ್ಟೆತಲೆ ಬಾತುಗಳು ಹಿಮಾಲಯ ದಾಟಿ ಬಂದವು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವುದೂ ಇದೇ ಜಾತಿ. ದಂಡೆಗೆ ಹತ್ತಿರ ಹೋಗಿ ಇಡೀ ಹಿಂಡನ್ನು ಎಬ್ಬಿಸಿ ಹಾರಿಸಿ ವಿಡಿಯೊ ಮಾಡುವುದು ಅಪರಾಧವೆಂದೇ ನಾವು ತಿಳಿಯುತ್ತೇವೆ. ಮೇಯ್ದು ಕೂಡಿಟ್ಟ ಶಕ್ತಿಯನ್ನು ಅವು ನಮ್ಮ ಚಪಲಕ್ಕೆ ಖರ್ಚು ಮಾಡಬೇಕಾಗುತ್ತದೆ. ಡ್ರೋನ್ ತರಕೂಡದು. ಮೊಬೈಲಿನಲ್ಲಿ ಹಾಡು ಹಾಕಕೂಡದು. ದನ್‌ಕೌರ್ ಬಳಿಯ ಧನೌರಿಗೆ ಹೋಗುವವರು ಇನ್ನೂ ಎಚ್ಚರದಿಂದಿರಬೇಕು. ಅಲ್ಲಿರುವುದು ಸಾರಸ ಕೊಕ್ಕರೆ, ಉತ್ತರ ಪ್ರದೇಶದ ರಾಜ್ಯಪಕ್ಷಿ, ಆಳೆತ್ತರ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ನೀರಿನ ನಡುವೆ ಹುಲ್ಲು ಗುಡ್ಡೆ ಹಾಕಿ ಸಾಮಾನ್ಯವಾಗಿ ಎರಡೇ ಮೊಟ್ಟೆ ಇಡುತ್ತದೆ. ಜನ ಹತ್ತಿರ ಬಂದು ಹಕ್ಕಿ ಎದ್ದಿತೋ, ಕಾಗೆ ಕಾದೇ ಇರುತ್ತದೆ. ಆ ತಿಂಗಳುಗಳಲ್ಲಿ ನಮ್ಮ ಗುಂಪು ಧನೌರಿಗೆ ಹೋಗುವುದಿಲ್ಲ.

ಅರಾವಳಿಯಲ್ಲಿ

ಒಬ್ಬರೇ ಹೋಗಬಾರದು, ಮೂವರಿಗೆ ಕಡಿಮೆ ಇರಬಾರದು. ಇಯರ್‌ಫೋನ್ ಹಾಕಬಾರದು. ಸೂರ್ಯ ಮುಳುಗುವ ಒಂದು ಗಂಟೆ ಮೊದಲೇ ಗುಡ್ಡದಿಂದ ಕೆಳಗಿರಬೇಕು. ಚಿರತೆಗಳು ಇಲ್ಲಿ ಕ್ಯಾಮೆರಾ ಟ್ರ್ಯಾಪ್‌ನಲ್ಲಿ ದಾಖಲಾಗಿವೆ. ಮುಸ್ಸಂಜೆ ಅವುಗಳ ಹೊತ್ತು. ಇಲ್ಲಿನ ಅಸೋಲಾ ಭಟ್ಟಿ ಒಂದು ವನ್ಯಧಾಮ. ಅಲ್ಲಿ ಅನುಮತಿ ಇಲ್ಲದೆ ಕಾಲಿಡುವುದು 1972ರ ವನ್ಯಜೀವಿ ಕಾಯ್ದೆಯನ್ನು ಮುರಿದಂತೆ.

ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿಯಬೇಡಿ. ಇಲ್ಲಿನ ಬೆಣಚುಕಲ್ಲು ಪುಡಿಯಾಗಿ, ಗಟ್ಟಿ ನೆಲದ ಮೇಲೆ ಸಡಿಲವಾಗಿ ಹರಡಿಕೊಂಡಿರುತ್ತದೆ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಬಿಟ್ಟು, ಸೊಂಟ ಹಿಂದಕ್ಕೆ ಒಯ್ದು, ನೋಟವನ್ನು ಚಕ್ರದ ಮೇಲಿಡದೆ ಮುಂದಿನ ದಾರಿಯ ಮೇಲಿಡಿ.

ಗುಡ್ಡದ ನಡುವೆ ಕಾಣುವ ನೀಲಿ ಕೆರೆಗಳಿಗೆ ಯಾವ ಕಾರಣಕ್ಕೂ ಇಳಿಯಕೂಡದು. ಎಷ್ಟು ಸೆಕೆ ಇದ್ದರೂ, ಎಷ್ಟು ಚೆನ್ನಾಗಿ ಈಜು ಬಂದರೂ ಕೂಡದು. ಅವು ದೇವರು ಮಾಡಿದ ಕೆರೆಗಳಲ್ಲ, ಕಲ್ಲು ಮತ್ತು ಬದರ್‌ಪುರ ಮರಳಿಗಾಗಿ ತೋಡಿ ಬಿಟ್ಟ ಗಣಿಗಳು. ಅಂತರ್ಜಲದ ಮಟ್ಟಕ್ಕಿಂತ ಕೆಳಗೆ ಅಗೆದದ್ದರಿಂದ ತುಂಬಿಕೊಂಡಿವೆ. ಕೆರೆಗಿರುವಂತೆ ಮೆಲ್ಲಗೆ ಆಳವಾಗುವ ದಂಡೆ ಇಲ್ಲ; ಅಂಚಿನಿಂದ ಒಂದೇ ಹೆಜ್ಜೆಗೆ ಪಾತಾಳ. ಹಿಡಿದು ಹತ್ತೋಣವೆಂದರೆ ಕಡಿದಾದ ಗೋಡೆ ಕುಸಿಯುತ್ತದೆ. ಓದುವ ಹುಡುಗರು ಇಲ್ಲಿ ಮುಳುಗಿ ಸತ್ತ ಸುದ್ದಿ ಮತ್ತೆ ಮತ್ತೆ ಬಂದಿದೆ. ಈ ನಿಯಮ ಮುರಿದವರಿಗೆ ಎರಡನೆಯ ಅವಕಾಶ ಇಲ್ಲ.

ಮಂಗರ್ ಬನಿಯೊಳಗೆ ಸೈಕಲ್ ಒಯ್ಯಬಾರದು. ಅದು ಸುತ್ತಲಿನ ಹಳ್ಳಿಗಳವರು ಗುದಡಿಯಾ ದಾಸ್ ಬಾಬಾ ಹೆಸರಿನಲ್ಲಿ ಕೊಂಬೆ ಕಡಿಯದೆ ಕಾದುಕೊಂಡು ಬಂದ ಧೌ ಮರಗಳ ಕಾಡು. ಕೊಡಗಿನ ದೇವರಕಾಡಿನಲ್ಲಿ ಹೇಗೆ ನಡೆದುಕೊಳ್ಳುತ್ತೀರೋ ಇಲ್ಲೂ ಹಾಗೆಯೇ ನಡೆದುಕೊಳ್ಳಿ.

ಬಿದ್ದು ಪೆಟ್ಟಾದರೆ 112ಕ್ಕೆ ಕರೆ ಮಾಡಿ. ಗಣಿಗುಂಡಿಗಳ ಬಳಿ ಸಿಗ್ನಲ್ ಹೋಗಬಹುದು. ಹಾಗಾಗಿ ಹೊರಡುವಾಗಲೇ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಮನೆಯಲ್ಲಿ ಬರೆದಿಟ್ಟು ಬರಬೇಕು.

ಬರುವವರು ಶನಿವಾರ ಸಂಜೆಯೊಳಗೆ ಹೆಸರು ಕೊಡಿ. ಮಕ್ಕಳನ್ನು ಖಂಡಿತ ಕರೆತನ್ನಿ. 14ಕ್ಕಿಂತ ಚಿಕ್ಕವರ ಜೊತೆ ಅಪ್ಪನೋ ಅಮ್ಮನೋ ಸೈಕಲ್ ಮೇಲೆಯೇ ಇರಬೇಕು. ಹೆಲ್ಮೆಟ್ ಇಲ್ಲದವರನ್ನು, ದೊಡ್ಡವರಿರಲಿ ಚಿಕ್ಕವರಿರಲಿ, ಸೇರಿಸಿಕೊಳ್ಳುವುದಿಲ್ಲ.